ಚೋಚಿಯ ಕೊಳದ ಮೊದಲ ಕಪ್ಪೆ

ನನ್ನ ಕೆಲಸ ರಸ್ತೆಗೆ ಉಪ್ಪು ಹಾಕುವುದು. ಹೊಸದಾಗಿ ಪರಿಚಯವಾದ ಹುಡುಗಿಯರಿಗೆ ಹೀಗೆ ಹೇಳಿದರೆ, "ಹಾಗಾದ್ರೆ ಮೆಣಸು ಯಾರು ಹಾಕ್ತಾರೆ?" ಎಂದು ಕೇಳುತ್ತಾರೆ. ಆಮೇಲೆ ಆ ಪರಿಚಯ ಹಳತಾಗುವುದಿಲ್ಲ.

ವಿಸ್ಕಾನ್ಸಿನ್ನಿನ ನಮ್ಮ ಕೌಂಟಿಯಲ್ಲಿ ಚಳಿಗಾಲ ನವೆಂಬರಿನಲ್ಲಿ ಬಂದರೆ ಏಪ್ರಿಲ್‌ವರೆಗೆ ಎದ್ದು ಹೋಗುವ ಮಾತಿಲ್ಲ. ಲಾರಿಯ ಮುಂದೆ ಕಬ್ಬಿಣದ ದೊಡ್ಡ ಹಲಗೆ ಕಟ್ಟಿಕೊಂಡು ನಾನು ಹಿಮವನ್ನು ಪಕ್ಕಕ್ಕೆ ತಳ್ಳುತ್ತ ಹೋಗುತ್ತೇನೆ. ಹಿಂದೆ ತಿರುಗುವ ತಟ್ಟೆಯೊಂದು ಕಲ್ಲುಪ್ಪನ್ನು ಎರಚುತ್ತ ಬರುತ್ತದೆ. ಬೇಸಿಗೆಯಲ್ಲಿ ಅದೇ ರಸ್ತೆಯಂಚಿನ ಹುಲ್ಲು ಕೊಯ್ಯುತ್ತೇನೆ, ಮತ್ತು ಚಳಿಗಾಲದಲ್ಲಿ ನಾನೇ ಗುದ್ದಿ ಬೀಳಿಸಿದ ಟಪಾಲು ಪೆಟ್ಟಿಗೆಗಳ ಕಂಬ ನೆಡುತ್ತೇನೆ. "ತನ್ನ ಕೆಲಸ ತಾನೇ ಹುಟ್ಟಿಸ್ಕೊಳ್ಳೋ ಜಾಣ ಇಡೀ ಇಲಾಖೇಲಿ ಇವನೊಬ್ನೇ" ಎಂದು ವರ್ಲಿನ್ ಎಲ್ಲರಿಗೂ ಹೇಳುತ್ತಾನೆ. ವರ್ಲಿನ್ ನನಗೆ ಲಾರಿ ಕಲಿಸಿದ ಹಿರಿಯ. ನಿವೃತ್ತಿಗೆ ಹತ್ತಿರ ಬಂದಿದ್ದಾನೆ. ಹತ್ತಿರ ಬಂದು ಬಹಳ ವರ್ಷಗಳಾದವು.

ನನ್ನ ಪಾಲಿನ ರಸ್ತೆ ಮುಗಿಯುವುದು ಕುಲಾಸ್ ಬಾರಿನ ಅಂಗಳದಲ್ಲಿ. ಅಲ್ಲಿಂದಾಚೆ ಪಕ್ಕದ ಕೌಂಟಿ. ಅವರ ಹಿಮ ಅವರಿಗೆ. ಬಾರಿನ ಒಡತಿ ಬರ್ನಡೀನ್ ಕುಲಾಸ್. ಊರಿಗೆಲ್ಲ ಆಕೆ ಚೋಚಿ. ನಮ್ಮ ಪೋಲಿಷ್ ಅಜ್ಜಿಯರ ಮಾತಿನಲ್ಲಿ ಹಾಗೆಂದರೆ ಚಿಕ್ಕಮ್ಮ. ಆ ಭಾಷೆಯಲ್ಲಿ ನಮಗೆ ಉಳಿದಿರುವುದು ಇದೊಂದು ಪದ, ಒಂದೆರಡು ಬೈಗುಳ, ಮತ್ತೆ ಪಿರೋಗಿ ಎಂಬ ಕಡುಬಿನಂಥ ತಿಂಡಿಗಳ ಹೆಸರು.

ಚೋಚಿ ಹುಟ್ಟಿದ್ದು ಆ ಬಾರಿನ ಮಾಳಿಗೆಯಲ್ಲೇ. ಕೆಳಗೆ ಇಸ್ಪೀಟಾಟ ರಂಗೇರಿತ್ತಂತೆ. ಮೇಲೆ ಮಗು ಅತ್ತಾಗ ಆಟಗಾರನೊಬ್ಬ ತಲೆಯೆತ್ತಿ, "ಸದ್ದು!" ಎಂದು ಗದರಿದನಂತೆ. ಅವನು ಆಕೆಯ ಅಪ್ಪ. ಹೀಗೆ ಹುಟ್ಟುತ್ತಲೇ ಬೈಸಿಕೊಂಡವಳು ಆಮೇಲೆ ಬೈಯುವ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡಲಿಲ್ಲ. ಪಟ್ಟಣದ ಕಾಗದದ ಗಿರಣಿಯಲ್ಲಿ ಕೆಲಸಕ್ಕೆ ಸೇರಿದ್ದಳು, ಬಾಡಿಗೆ ಕೋಣೆ ಹಿಡಿದಿದ್ದಳು, ಕೆಂಪು ಕಾರೊಂದರ ಮೇಲೆ ಕಣ್ಣಿಟ್ಟಿದ್ದಳು. ಅಷ್ಟರಲ್ಲಿ ಒಂದು ಜನವರಿ ಬೆಳಿಗ್ಗೆ ಆಕೆಯ ಅಮ್ಮ ಬಾರಿನ ಹಿಂಬಾಗಿಲ ಮೆಟ್ಟಿಲ ಮೇಲೆ ಜಾರಿ ಸೊಂಟ ಮುರಿದುಕೊಂಡಳು. ಚೋಚಿ ಒಂದು ವಾರ ರಜೆ ಹಾಕಿ ಬಂದು ಒಲೆಯ ಮುಂದೆ ನಿಂತಳು. ಇವತ್ತಿಗೂ ಅಲ್ಲೇ ನಿಂತಿದ್ದಾಳೆ.

ಆ ಚಳಿಗಾಲವೆಲ್ಲ ಅಮ್ಮ ಒಲೆಯ ಪಕ್ಕ, ಹಿಂದಿನ ಕಿಟಕಿಯ ಎದುರು ಕುರ್ಚಿಯಲ್ಲಿ ಕೂತು, ಯಾರ ಜೊತೆಗೂ ಮಾತಿಲ್ಲದೆ, ಬಾರಿನ ಹಿಂದಿನ ಕೊಳ ನೋಡುತ್ತಿದ್ದಳಂತೆ. ಕೊಳ ಎಂದರೆ ದೊಡ್ಡದೇನಲ್ಲ. ರಸ್ತೆಯಾಚೆ ಹರಡಿಕೊಂಡಿರುವ ಜೌಗಿನದೇ ತುಂಡು. ರಸ್ತೆ ಹಾಕಿದಾಗ ಈಚೆ ಉಳಿದುಹೋದದ್ದು. ವಸಂತದ ಒಂದು ಸಂಜೆ ಅಲ್ಲಿಂದ ಒಂದು ಕಪ್ಪೆ ಕೂಗಿತು. ನಮ್ಮಲ್ಲಿ ಹಿಮ ಕರಗಿದ ಕೂಡಲೇ ಮೊದಲು ಬಾಯಿ ಬಿಡುವ ಜಾತಿ ಅದು. ಹೆಬ್ಬೆರಳಿನ ಉಗುರಿನಷ್ಟೇ ಇರುತ್ತದೆ, ಕೂಗಿದರೆ ಮಾತ್ರ ಯಾರೋ ಪಕ್ಕದಲ್ಲೇ ನಿಂತು ಸೀಟಿ ಊದಿದ ಹಾಗೆ. ಅಮ್ಮ ಕೋಲು ಕೇಳಿದಳು. "ಸರಿ, ಇನ್ನು ನಾನು ಹೊರಗೆ ಬರ್ತೀನಿ" ಎಂದಳು.

ಚೋಚಿಯ ಬಾಳಿನ ಎರಡು ವ್ರತಗಳು ಆ ಒಂದೇ ಚಳಿಗಾಲದಲ್ಲಿ ಹುಟ್ಟಿದವು. ಒಂದು, ತನ್ನ ಅಂಗಳದಲ್ಲಿ ಇನ್ನು ಯಾರೂ ಜಾರಿ ಬೀಳಕೂಡದು. ಇನ್ನೊಂದು, ಕಪ್ಪೆ ಹಲಗೆ.

ಮೊದಲು ಹಲಗೆಯ ವಿಷಯ. ಫೆಬ್ರವರಿ ಮುಗಿಯುವ ಹೊತ್ತಿಗೆ ಚೋಚಿ ಬಾರಿನ ಕರಿಹಲಗೆಯಿಂದ ಊಟದ ಪಟ್ಟಿ ಅಳಿಸುತ್ತಾಳೆ. ಗಿರಾಕಿಗಳು ಒಬ್ಬೊಬ್ಬರಾಗಿ ಬಂದು ಒಂದು ತಾರೀಕು, ಪಕ್ಕದಲ್ಲಿ ತಮ್ಮ ಹೆಸರು ಬರೆಯುತ್ತಾರೆ. ಯಾರು ಬರೆದ ದಿನ ಕೊಳದಲ್ಲಿ ಮೊದಲ ಕಪ್ಪೆ ಕೂಗುತ್ತದೋ ಅವರು ಗೆದ್ದರು. ಕೂಗನ್ನು ಹಿಂಬಾಗಿಲ ಮೆಟ್ಟಿಲ ಮೇಲೆ ನಿಂತೇ ಕೇಳಬೇಕು, ಇಬ್ಬರು ಕೇಳಬೇಕು, ಇಬ್ಬರಲ್ಲಿ ಒಬ್ಬಳು ಚೋಚಿಯಾಗಿರಬೇಕು. ಗೆದ್ದವರಿಗೆ ಮುಂದಿನ ಕಪ್ಪೆಯವರೆಗೆ ಒಲೆಯ ಪಕ್ಕದ ಕುರ್ಚಿ, ಅಮ್ಮ ಕೂರುತ್ತಿದ್ದದ್ದು. ಅದರಿಂದ ಅವರನ್ನು ಏಳಿಸುವ ಹಕ್ಕು ಪಾದ್ರಿಗೂ ಇಲ್ಲ. ವರ್ಲಿನ್ ಮಾತ್ರ ಪ್ರತಿ ವರ್ಷ ಒಂದೇ ತಾರೀಕು ಬರೆಯುತ್ತಾನೆ, ತನ್ನ ಮದುವೆಯ ದಿನ. "ಇಲ್ಲಿ ಬರ್ದಿದ್ರೆ ನೆನಪಿರುತ್ತೆ" ಎನ್ನುತ್ತಾನೆ. ಆದರೂ ಮರೆಯುತ್ತಾನೆ.

ಇನ್ನು ಜಾರುವ ವಿಷಯ. ಚೋಚಿ ದಿನಾ ಬೆಳಿಗ್ಗೆ ಗಂಡಸರ ರಬ್ಬರ್ ಬೂಟು ಹಾಕಿಕೊಂಡು, ಕಾಫಿಪುಡಿಯ ಹಳೆಯ ಡಬ್ಬಿಯ ತುಂಬ ಉಪ್ಪು ಹಿಡಿದು, ಕೋಳಿಗೆ ಕಾಳೆರಚುವ ಹಾಗೆ ಕೈ ಬೀಸುತ್ತ ಅಂಗಳ ಸುತ್ತುತ್ತಿದ್ದಳು. ಕೋಳಿಗಳು ಓಡಿ ಬರದಿದ್ದುದೊಂದೇ ಕೊರತೆ. ನಾನು ಲಾರಿ ತಿರುಗಿಸಲು ಅಂಗಳಕ್ಕೆ ಬಂದರೆ ಅಡುಗೆಮನೆಯ ಕಿಟಕಿಯಿಂದ ಕೂಗುತ್ತಿದ್ದಳು: "ಲೋ ಡೆರೆಕ್, ತಟ್ಟೆ ನಿಲ್ಲಿಸ್ಬೇಡ್ವೋ! ನೀನು ತಿರುಗೋ ತನಕ ಅದೂ ತಿರುಗ್ಲಿ!" ಸರ್ಕಾರಿ ಉಪ್ಪು ಖಾಸಗಿ ಅಂಗಳಕ್ಕೆ ಬೀಳಕೂಡದೆಂದು ನಿಯಮವಿದೆ. ಚೋಚಿಯ ಸೇಬಿನ ಪೈ ಆ ನಿಯಮವನ್ನು ಓದಿರಲಿಲ್ಲ. ನಾನು ನಿಧಾನವಾಗಿ, ಬಲು ನಿಧಾನವಾಗಿ ತಿರುಗುತ್ತಿದ್ದೆ. ವರ್ಲಿನ್ನನ ಕಾಲದಿಂದಲೂ ಆ ಲಾರಿ ಅಲ್ಲಿ ಹಾಗೆಯೇ ತಿರುಗುತ್ತಿತ್ತು.

ಅಂಗಳ ಕೊಳದ ಕಡೆಗೆ ಇಳಿಜಾರು. ಇದು ಎಲ್ಲರಿಗೂ ಗೊತ್ತಿತ್ತು. ಬೇಸಿಗೆಯಲ್ಲಿ ಬಿಯರ್ ಡಬ್ಬಿ ಬಿದ್ದರೆ ಉರುಳಿ ಅಲ್ಲಿಗೇ ಹೋಗುತ್ತದೆ.

ನಾನು ಆ ರಸ್ತೆಗೆ ಬಂದ ಮೊದಲ ವರ್ಷಗಳಲ್ಲೇ ಕೊಳ ವಿಚಿತ್ರವಾಗಿ ವರ್ತಿಸತೊಡಗಿತು. ಸುತ್ತಲಿನ ಕೆರೆಗಳ ಮೇಲೆ ಜನ ಇನ್ನೂ ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುತ್ತಿರುವಾಗ ಚೋಚಿಯ ಕೊಳದ ಅಂಚು ಕರಗಿ ನೀರು ಮಿನುಗುತ್ತಿತ್ತು. ಜಿಂಕೆಗಳು ಹಗಲಲ್ಲೇ ಬಂದು ಅಂಚಿನ ಕೆಸರು ನೆಕ್ಕುತ್ತ ನಿಲ್ಲುತ್ತಿದ್ದವು. ಗಿರಾಕಿಗಳು ಗಾಜಿಗೆ ಮೂಗೊತ್ತಿ ನೋಡುತ್ತಿದ್ದರು. "ಚೋಚಿ ಕೊಳಕ್ಕೆ ಏನೋ ಕಳೆ ಬಂದಿದೆ" ಎನ್ನುತ್ತಿದ್ದರು. ಕೊಳ ಬೇಗ ಕರಗಿದರೆ ಕಪ್ಪೆಯೂ ಬೇಗ ಕೂಗಬೇಕಲ್ಲ? ಹಲಗೆಯ ಮೇಲೆ ತಾರೀಕುಗಳು ವರ್ಷವರ್ಷವೂ ಇನ್ನಷ್ಟು ಮುಂಚಿತವಾದವು. ಎಲ್ಲರಿಗಿಂತ ಮುಂಚಿನ ತಾರೀಕು ನನ್ನದು.

ಕಪ್ಪೆ ಮಾತ್ರ ಕೂಗಲಿಲ್ಲ. ಒಂದು ವಸಂತ ಹೋಯಿತು. ಚಳಿ ಜಾಸ್ತಿಯಾಯಿತು ಎಂದೆವು. ಇನ್ನೊಂದು ಹೋಯಿತು, ನನ್ನ ಲಾರಿಯ ಸದ್ದಿಗೆ ಹೆದರಿವೆ ಎಂದರು. ರಸ್ತೆಯಾಚೆಯ ಜೌಗಿನಲ್ಲಿ ಮಾತ್ರ ಕಿವಿ ಗಡಚಿಕ್ಕುವಷ್ಟು ಕೂಗು. ಮೂರನೆಯ ವಸಂತದಲ್ಲಿ ವರ್ಲಿನ್ ಒಂದು ತಿದ್ದುಪಡಿ ಸೂಚಿಸಿದ.

"ಚೋಚಿ, ಆಕಡೆ ಕೂಗಿದ್ದನ್ನೇ ಲೆಕ್ಕಕ್ಕೆ ಇಟ್ಕೊಳ್ಳೋಣ. ಕಪ್ಪೆ ಕಪ್ಪೇನೇ ತಾನೇ?"

"ಪಕ್ಕದ ಮನೇಲಿ ಮಗು ಅತ್ರೆ ನಮ್ಮನೇಲಿ ತೊಟ್ಟಿಲು ಕಟ್ತಾರೇನೋ?" ಚೋಚಿ ಸಟ್ಟುಗ ತಿರುಗಿಸಿದಳು. "ನಮ್ಮಮ್ಮ ಕೇಳಿದ್ದು ಈ ಕೊಳದ ಕಪ್ಪೆ. ಇಲ್ಲಿ ಕೂಗೋ ತನಕ ಆ ಕುರ್ಚೀಲಿ ಯಾರೂ ಕೂರೋ ಹಾಗಿಲ್ಲ."

ಹಾಗಾಗಿ ಒಲೆಯ ಪಕ್ಕದ ಕುರ್ಚಿ ಖಾಲಿ ಉಳಿಯಿತು. ಚೋಚಿ ಅದರ ಮೇಲಿನ ಧೂಳು ಒರೆಸುತ್ತಿದ್ದಳು. ಹಾಗೆ ಒರೆಸುವಾಗ ಅವಳ ಜೊತೆ ಯಾರೂ ಹುಡುಗಾಟಕ್ಕೆ ಹೋಗುತ್ತಿರಲಿಲ್ಲ.

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ, ಹಲಗೆಯ ಮೇಲಿನ ಎಲ್ಲ ತಾರೀಕುಗಳೂ ದಾಟಿಹೋದ ಮೇಲೆ, ಚೋಚಿ ಬೂಟು ಹಾಕಿಕೊಂಡು ಬಂದು, "ಬಾರೋ ನನ್ಜೊತೆ" ಎಂದಳು. ನನ್ನ ಬಾಯಲ್ಲಿ ಪೈ ಇದ್ದುದರಿಂದ ಕಾರಣ ಕೇಳಲಾಗಲಿಲ್ಲ. ಇಬ್ಬರೂ ಕೊಳದ ಅಂಚಿಗೆ ಇಳಿದೆವು. ಆ ಹೊತ್ತಿಗೆ ಗಿಜಿಗಿಜಿ ಎನ್ನಬೇಕಾದ ನೀರು ತೊಳೆದಿಟ್ಟ ಪಾತ್ರೆಯ ಹಾಗೆ ಸುಮ್ಮನಿತ್ತು. ಬಸವನಹುಳು ಇಲ್ಲ, ನೀರಿನ ಮೇಲೆ ಓಡುವ ಜೇಡದಂಥ ಹುಳ ಇಲ್ಲ. ಸೊಳ್ಳೆಮರಿಗಳು ಮಾತ್ರ ಸುಖವಾಗಿದ್ದವು. ಮುಳುಗಿದ ಕಡ್ಡಿಯೊಂದಕ್ಕೆ ಮೊಟ್ಟೆಯ ಮುದ್ದೆ ಅಂಟಿಕೊಂಡಿತ್ತು. ಬಾತುಕೋಳಿಯ ದನಿಯ ಕಾಡುಗಪ್ಪೆ ಯಾವುದೋ ಆಚೆಯಿಂದ ದಾಟಿ ಬಂದು ಇಟ್ಟು ಹೋಗಿದ್ದಿರಬೇಕು. ಅಂಥ ಮುದ್ದೆ ನೀರು ಕುಡಿದು ಮುಷ್ಟಿಗಾತ್ರಕ್ಕೆ ಊದಿಕೊಳ್ಳುವುದನ್ನು ನಾವೆಲ್ಲ ಶಾಲೆಯ ದಿನಗಳಿಂದ ನೋಡಿದ್ದೇವೆ. ಇದು ಊದಿರಲಿಲ್ಲ. ನೆಲ್ಲಿಕಾಯಿಯಷ್ಟಕ್ಕೇ ಮುದುಡಿ, ಒಳಗಿನ ಕಪ್ಪು ಚುಕ್ಕೆಗಳೆಲ್ಲ ಬೆಳ್ಳಗೆ ಬಿಳುಚಿಕೊಂಡಿದ್ದವು.

ಚೋಚಿ ಬಗ್ಗಿ ನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು. ಸಾರಿನ ರುಚಿ ನೋಡುವಾಗಲೂ ಹೀಗೇ, ಕಣ್ಣು ಮುಚ್ಚಿ ತಲೆ ಒಂದು ಕಡೆ ವಾಲಿಸುತ್ತಾಳೆ. ಕಣ್ಣು ಬಿಟ್ಟಾಗ ಮುಖ ಬಣ್ಣಗೆಟ್ಟಿತ್ತು.

"ಇದು ಪಿರೋಗಿ ಬೇಯ್ಸೋ ನೀರು ಕಣೋ."

"ಉಪ್ಪಾ?"

"ಇಲ್ಲ, ಸಕ್ಕರೆ! ನೀನೇ ನೋಡು."

ನೋಡಿದೆ. ಉಪ್ಪು. ಮಂಜುಗಡ್ಡೆಗೆ ಉಪ್ಪು ಹಾಕಿದರೆ ಕರಗುತ್ತದೆ ಎಂಬ ಒಂದೇ ವಿದ್ಯೆಗೆ ಸಂಬಳ ಎಣಿಸಿಕೊಳ್ಳುವವನು ನಾನು. ಊರಿಗೆಲ್ಲ ಮೊದಲು ಈ ಕೊಳವೇ ಏಕೆ ಕರಗುತ್ತದೆ ಎಂದು ವರ್ಷಗಟ್ಟಲೆ ಕಣ್ಣಾರೆ ನೋಡಿ ನಾನು ಮಾಡಿದ್ದೇನೆಂದರೆ, ಹಲಗೆಯ ಮೇಲೆ ಎಲ್ಲರಿಗಿಂತ ಮುಂಚಿನ ತಾರೀಕು ಬರೆದದ್ದು.

ಚೋಚಿ ಹಿಂದಿರುಗಿ ಬಾರಿನೊಳಗೆ ಬಂದು ನಿಂತಳು. ಕಟ್ಟೆಯ ಮೇಲೆ ದೊಡ್ಡ ಗಾಜಿನ ಭರಣಿ ಇದೆ. ಬೇಯಿಸಿದ ಮೊಟ್ಟೆಗಳು ಉಪ್ಪು ಹುಳಿ ನೀರಿನಲ್ಲಿ ತೇಲುತ್ತಿರುತ್ತವೆ, ಬಿಯರ್ ಜೊತೆ ತಿನ್ನಲು. ಅದನ್ನೇ ನೋಡುತ್ತ, "ಜೀವಮಾನವೆಲ್ಲ ಕೋಳಿಮೊಟ್ಟೆ ಉಪ್ಪುನೀರಿಗೆ ಹಾಕಿದೋಳು," ಎಂದಳು, "ಕಪ್ಪೆ ಮೊಟ್ಟೇನೂ ಹಾಕ್ಬಿಟ್ನಲ್ಲೋ."

ಯಾರೂ ನಗಲಿಲ್ಲ. ನಗಬೇಕಾದ ಮಾತಾಗಿತ್ತು, ಆದರೂ.

ಆ ಬೇಸಿಗೆಯಲ್ಲಿ ಆಕೆ ಎಂದಿಗಿಂತ ಕಡಿಮೆ ಬೈದಳು. ಒಂದು ಸಂಜೆ ನಾನೂ ವರ್ಲಿನ್ನೂ ಮಾತ್ರ ಇದ್ದಾಗ ಕಟ್ಟೆ ಒರೆಸುತ್ತ ಹೇಳಿದಳು: "ಉಪ್ಪು ಹಾಕಿದ್ರೆ ಅಮ್ಮನ ಕಪ್ಪೆ ಸಾಯುತ್ತೆ. ಹಾಕ್ದಿದ್ರೆ ಯಾರದೋ ಅಮ್ಮ ಬೀಳ್ತಾಳೆ. ನಾನೇನು ಮಾಡ್ಲಿ, ಹೇಳ್ರೋ ಗಂಡಸ್ರಾ."

 ವರ್ಲಿನ್, "ಕೊಳದ ನೀರು ರಸ್ತೆಯಡಿ ಆಚೆ ಹೋಗೋ ಕೊಳವೆ ಕಟ್ಕೊಂಡಿದೆ, ಅದನ್ನ ಬಿಡಿಸ್ಕೊಡ್ತೀವಿ" ಎಂದ. ಆಕೆ ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಆದರೆ ಅಕ್ಟೋಬರಿನಲ್ಲಿ ಸೊಂಟದ ತನಕ ಕೆಸರಿಗಿಳಿದು ಆಪುಹುಲ್ಲಿನ ಬೇರು ಕಿತ್ತು ಕೊಳವೆ ಬಿಡಿಸಿದೆವು. ನಾನು ಎರಡು ಸಲ ಒಳಗೆ ಬಿದ್ದೆ. ಮೊದಲನೆಯದು ಆಕಸ್ಮಿಕ, ಎರಡನೆಯದು ವರ್ಲಿನ್.

ಪ್ರಶ್ನೆಗೆ ಉತ್ತರವನ್ನು ಚೋಚಿಯೇ ಕಂಡುಕೊಂಡಳು. ಮೊದಲ ಹಿಮ ಬಿದ್ದ ಬೆಳಿಗ್ಗೆ ನಾನು ಅಂಗಳಕ್ಕೆ ಬಂದಾಗ ಆಕೆ ರಸ್ತೆಯಂಚಿನಲ್ಲೇ ಕೈ ಅಡ್ಡ ಹಿಡಿದು ನಿಂತಿದ್ದಳು.

"ತಟ್ಟೆ ನಿಲ್ಸು. ಇಲ್ಲೇ. ಒಂದು ಹರಳು ಒಳಗೆ ಬಿದ್ರೆ ನಿನ್ನ ಕೈಲಿ ಆರಿಸ್ತೀನಿ."

"ಪೈ?"

"ಪೈ ಇದೆ ಕಣೋ ಹೊಟ್ಟೆಬಾಕ, ನಿಲ್ಸು ಮೊದ್ಲು!"

ಆಗಲೇ ಅಂಗಳದ ಹಿಮವನ್ನೆಲ್ಲ ಯಾರೂ ತುಳಿದು ಗಟ್ಟಿ ಮಾಡುವ ಮುಂಚೆ ಕೆರೆದು ರಾಶಿ ಹಾಕಿದ್ದಳು. ಕೈಯಲ್ಲಿ ಅದೇ ಕಾಫಿ ಡಬ್ಬಿ, ಆದರೆ ಅಲ್ಲಾಡಿಸಿದರೆ ಬೇರೆ ಸದ್ದು. ಕೋಳಿಗಳ ಹೊಟ್ಟೆಯಲ್ಲಿ ಕಾಳು ಅರೆಯಲೆಂದು ಹಾಕುತ್ತಾರಲ್ಲ, ಗ್ರಾನೈಟ್ ಕಲ್ಲಿನ ನುಚ್ಚು, ಅದು. ಆಕೆಯ ಅಮ್ಮ ಕೋಳಿ ಸಾಕುವಾಗ ಹಾಕುತ್ತಿದ್ದಳಂತೆ. ಚೂಪು ಚೂಪಾಗಿ ಮಂಜುಗಡ್ಡೆಗೆ ಕಚ್ಚಿಕೊಂಡು ಬೂಟನ್ನು ಹಿಡಿಯುತ್ತದೆ, ಕರಗುವ ಮಾತಿಲ್ಲ. ಹಿಂಬಾಗಿಲಿಂದ ರಸ್ತೆಯವರೆಗೆ ದಪ್ಪವಾಗಿ ಒಂದು ಹಾದಿ ಮಾಡಿದ್ದಳು. ಅದೇ ಹಾದಿಯಲ್ಲಿ ಬರಬೇಕು, ಅದರಲ್ಲೇ ಹೋಗಬೇಕು.

ಗಿರಾಕಿಗಳಿಗೆ ಹೊಸ ವಿಷಯ ಸಿಕ್ಕಿತು. ನುಚ್ಚು ಬೂಟಿಗೆ ಅಂಟಿ ಒಳಗೆ ಬಂದು ನೆಲವೆಲ್ಲ ಗರಗರ. "ಚೋಚಿ, ಕೋಳಿ ಮೇವು ಹಾಕಿದ್ದಾಯ್ತು, ಇನ್ನು ನಾವು ಮೊಟ್ಟೆ ಇಡ್ಬೇಕಾ?" ಎಂದ ವರ್ಲಿನ್.

"ಇಡೋ. ಉಪ್ಪುನೀರಿಗೆ ಹಾಕಲ್ಲ, ಹೆದರ್ಬೇಡ."

ಆ ದಿನ ಎಲ್ಲರೂ ನಕ್ಕರು. ಆದರೆ ಪ್ರತಿ ಸಲ ಬಾಗಿಲು ತೆರೆದಾಗ ಚೋಚಿ ಎಣ್ಣೆಯ ಬಾಣಲೆಯ ಮುಂದಿನಿಂದ ಕತ್ತೆತ್ತಿ, ಬಂದವರ ಮುಖ ನೋಡದೆ ಮೊದಲು ಕಾಲು ನೋಡುತ್ತಿದ್ದಳು.

ಫೆಬ್ರವರಿಯ ಒಂದು ಶುಕ್ರವಾರ, ಮೀನಿನ ಊಟಕ್ಕೆ ಬಾರು ತುಂಬಿ ಕಿಟಕಿಗಳೆಲ್ಲ ಬೆವರಿದ್ದಾಗ, ಅದು ಆಗಿಯೇ ಹೋಯಿತು. ಬಿದ್ದವನು ನಾನು. ಪಟ್ಟಣದಿಂದ ಬಂದ ಹೆಣ್ಣುಮಕ್ಕಳ ಗುಂಪೊಂದು ಕಿಟಕಿಯ ಪಕ್ಕ ಕೂತಿತ್ತು. ನನ್ನ ಒಂದು ಕೈಯಲ್ಲಿ ವರ್ಲಿನ್ನನ ಹೆಂಡತಿ ಕಳಿಸಿದ ಆಲೂಗಡ್ಡೆ ಸಲಾಡಿನ ಪಾತ್ರೆ, ಇನ್ನೊಂದು ಕೈ ಜೇಬಿನಲ್ಲಿ. ವೃತ್ತಿಪರ ಹಿಮಚಾಲಕ ಕೋಳಿಯ ಹಾದಿಯಲ್ಲಿ ನಡೆಯುವುದೇ ಎಂದು ನಾನು ಅಡ್ಡ ಹಾಯ್ದೆ. ಎರಡು ಕಾಲೂ ಒಟ್ಟಿಗೆ ಮೇಲೆದ್ದವು. ಬೆನ್ನ ಮೇಲೆ ಬಿದ್ದವನು ಕೊಳದ ದಿಕ್ಕಿಗೆ ಗಂಭೀರವಾಗಿ ಜಾರಿಕೊಂಡು ಹೋದೆ, ಹಿಂದೆಯೇ ಸಲಾಡು.

ಬಾರು ಖಾಲಿಯಾಗಿ ಹೊರಗೆ ಬಂತು. ಚೋಚಿ ಎಲ್ಲರನ್ನೂ ತಳ್ಳಿಕೊಂಡು ಬಂದು ಮಂಡಿಯೂರಿದಳು. ನನ್ನ ಸೊಂಟದ ಎರಡೂ ಕಡೆ ಒತ್ತಿ ನೋಡಿದಳು. 

"ನೋವಾಗುತ್ತಾ? ಇಲ್ಲಿ? ಇಲ್ಲಿ ಆಗುತ್ತಾ? ಸುಳ್ಳು ಹೇಳ್ಬೇಡ!"

"ಮರ್ಯಾದೆ ಒಂದು ಮುರ್ದಿದೆ ಚೋಚಿ. ಬೇರೇನಿಲ್ಲ."

ಆಕೆಗೆ ಕೇಳಿಸಲೇ ಇಲ್ಲ. ಎದ್ದು ಸರಸರನೆ ಒಳಗೆ ಹೋಗಿ ನೆಲಮಾಳಿಗೆಯಿಂದ ಉಪ್ಪಿನ ಹಳೆಯ ಚೀಲವೊಂದನ್ನು ಎಳೆದುಕೊಂಡು ಬಂದಳು. ಮೆಟ್ಟಿಲ ಮೇಲೆ ಅದರ ಬಾಯಿ ಬಿಚ್ಚಿ ಡಬ್ಬಿ ತುಂಬಿದಳು. ಯಾರೂ ತಡೆಯಲಿಲ್ಲ, ಆ ಮುಖ ನೋಡಿದ ಮೇಲೆ ತಡೆಯುವ ಧೈರ್ಯ ಯಾರಿಗೂ ಇರಲಿಲ್ಲ. ಕೈ ಎತ್ತಿದಳು.

"ಚೋಚಿ," ಎಂದ ವರ್ಲಿನ್, "ಇವನು ಎಲ್ಲಿ ನಡೀತಿದ್ದ ನೋಡ್ದೆಯಾ? ನಿನ್ನ ನುಚ್ಚಿನ ಹಾದಿ ಅಲ್ಲಿದೆ. ಇವನ ಕಾಲಿನ ಗುರುತು ಇಲ್ಲಿದೆ. ಅಲ್ಲಿ ನಡೆದು ಯಾರಾದ್ರೂ ಬಿದ್ರಾ ಈ ಚಳಿಗಾಲ? ನಾನು ಬಿದ್ನಾ? ಇವನನ್ನ ಅಕ್ಟೋಬರಿನಲ್ಲಿ ನೋಡ್ಬೇಕಿತ್ತು, ಮಂಜೇ ಇರ್ಲಿಲ್ಲ, ಎರಡು ಸಲ ಬಿದ್ದ."

ಚೋಚಿ ಹಾದಿ ನೋಡಿದಳು. ನನ್ನ ಗುರುತು ನೋಡಿದಳು. ಕಿಟಕಿಯ ಹೆಣ್ಣುಮಕ್ಕಳನ್ನು ನೋಡಿ, ಆಮೇಲೆ ನನ್ನನ್ನು ನೋಡಿದಳು. ಎತ್ತಿದ ಕೈ ಇಳಿಸಿದಳು.

"ಕೋಳಿಗಾದ್ರೂ ಇಷ್ಟು ಬುದ್ಧಿ ಇರುತ್ತೆ," ಎಂದಳು. ಡಬ್ಬಿಯನ್ನು ಚೀಲಕ್ಕೇ ಸುರಿದು ಚೀಲದ ಬಾಯಿ ಕಟ್ಟಿದಳು. ಸಲಾಡಿನ ಖಾಲಿ ಪಾತ್ರೆಯನ್ನು ನಾನೇ ಹುಡುಕಿ ತರಬೇಕಾಯಿತು, ನುಚ್ಚಿನ ಹಾದಿಯಲ್ಲಿ ನಡೆದುಕೊಂಡು.

ಆ ಚಳಿಗಾಲ ಕೊಳ ಬಹಳ ವರ್ಷಗಳ ಮೇಲೆ ಅಂಚಿನಿಂದ ಅಂಚಿಗೆ ಹೆಪ್ಪುಗಟ್ಟಿತು. ಜಿಂಕೆಗಳು ಬೇರೆ ಕಡೆ ಹೋದವು. ವಸಂತದಲ್ಲಿ ಕರಗಿದ ಹಿಮದ ನೀರು ಕೊಳದೊಳಗಿಂದ ಕೊಳವೆ ಹಾಯ್ದು ವಾರಗಟ್ಟಲೆ ಭೋರೆಂದು ಹರಿಯಿತು. ಚೋಚಿ ದಿನಾ ಬೆರಳದ್ದಿ ರುಚಿ ನೋಡುತ್ತಿದ್ದಳು. "ಇನ್ನೂ ಇದೆ" ಎನ್ನುತ್ತಿದ್ದಳು. ಕಪ್ಪೆ ಬರಲಿಲ್ಲ. ಹಲಗೆ ಅಳಿಸಿ ಊಟದ ಪಟ್ಟಿ ಬರೆದಳು. ಮುಂದಿನ ನವೆಂಬರಿನಲ್ಲಿ ಮತ್ತೆ ನುಚ್ಚಿನ ಮೂಟೆಗಳನ್ನು ತರಿಸಿದಳು.  ನೆಲದ ಗರಗರ ಅಷ್ಟರಲ್ಲಿ ಅಭ್ಯಾಸವಾಗಿತ್ತು.

ಅದರ ಮುಂದಿನ ವಸಂತ, ಅಂದರೆ ಈ ವರ್ಷದ್ದು. ಈಸ್ಟರಿಗೆ ಮುಂಚಿನ ವ್ರತದ ಶುಕ್ರವಾರ. ಮಾಂಸ ಮುಟ್ಟುವಂತಿಲ್ಲ, ಆದ್ದರಿಂದ ಊರಿಗೆ ಊರೇ ಚೋಚಿಯ ಬಾರಿನಲ್ಲಿ ಮೀನು ತಿನ್ನುತ್ತಿತ್ತು. ಸಂಜೆಗೆ ಮಳೆ ಹನಿಸಿ ನಿಂತಿತ್ತು. ಅಂಗಳದಲ್ಲಿ ಮಂಜುಗಡ್ಡೆಯ ಕೊನೆಯ ತೇಪೆಗಳು ಇನ್ನೂ ಇದ್ದವು. ಚೋಚಿ ಆಲೂಗಡ್ಡೆ ಸಿಪ್ಪೆ ಚೆಲ್ಲಲು ಹಿಂದಕ್ಕೆ ಹೋದವಳು ಬುಟ್ಟಿಯ ಸಮೇತ ವಾಪಸು ಬಂದಳು. ನೇರ ನನ್ನ ಮೇಜಿಗೆ ಬಂದು ಕಾಲರ್ ಹಿಡಿದೆತ್ತಿದಳು.

"ಎದ್ದೇಳು. ಮಾತಾಡ್ಬೇಡ. ಅಗೀಬೇಡ."

ಮೆಟ್ಟಿಲ ಮೇಲೆ ನಿಂತೆವು. ಬಾಯಲ್ಲಿ ಮೀನು ಹಾಗೇ ಇತ್ತು. ರಸ್ತೆಯಾಚೆ ಕಪ್ಪೆಗಳ ಸಂತೆ ಜೋರಾಗಿತ್ತು. ಈಚೆ ಕೊಳದಲ್ಲಿ ಏನೂ ಇಲ್ಲ. ಚೋಚಿಯ ಬೆರಳುಗಳು ನನ್ನ ತೋಳಿನಲ್ಲಿ ಹೂತಿದ್ದವು. ಏನೂ ಇಲ್ಲ. ಆಮೇಲೆ, ಕೊಳದಂಚಿನಲ್ಲಿ ಬಿದ್ದಿದ್ದ ಮುರಿದ ದೋಣಿಯೊಂದರ ಹತ್ತಿರದಿಂದ, ಯಾರೋ ಸೀಟಿಯನ್ನು ಸರಿ ಇದೆಯೇ ಎಂದು ನೋಡುವಂತೆ ಒಂದು ಸಲ ಊದಿದರು. ನಿಂತಿತು. ಮತ್ತೆ ಊದಿದರು.

"ಕೇಳಿಸ್ತಾ?"

ಮೀನು ನುಂಗಿ, "ಕೇಳಿಸ್ತು" ಎಂದೆ.

"ನಮ್ಮದೇ ತಾನೇ? ಆಕಡೆದಲ್ಲ ತಾನೇ?"

"ನಮ್ಮದೇ ಚೋಚಿ."

ಆಕೆ ಒಳಗೆ ಹೋಗಿ ಹೊಗೆ ಎಳೆಯುವ ಫ್ಯಾನು ಆರಿಸಿದಳು. ಟಿವಿ ಆರಿಸಿದಳು. ಇಡೀ ಬಾರು ಏನೋ ಅಪಘಾತವಾಯಿತೆಂದು ತಿರುಗಿ ನೋಡಿತು. ಚೋಚಿ ಸುಮ್ಮನೆ ಹಿಂಬಾಗಿಲು ತೆರೆದು ಹಿಡಿದಳು. ಕೋಟು ಹಾಕಿಕೊಳ್ಳದೆ, ಕೈಯಲ್ಲಿ ಗ್ಲಾಸು ಹಿಡಿದು, ಎಲ್ಲರೂ ಸಾಲಾಗಿ ನುಚ್ಚಿನ ಹಾದಿಯ ಮೇಲೆ ಬಂದು ನಿಂತರು. ಅದು ಕೂಗಿತು. ಒಂದೇ ಒಂದು, ಉಗುರಿನಷ್ಟು ಜೀವ. ಒಳಗೆ ಎಣ್ಣೆಯಲ್ಲಿ ಮೀನು ಕರಕಲಾಗುತ್ತಿತ್ತು, ಯಾರೂ ಅಲ್ಲಾಡಲಿಲ್ಲ.

"ಇವತ್ತು ಯಾರ ತಾರೀಕು?" ಎಂದು ಯಾರೋ ಪಿಸುಗುಟ್ಟಿದರು.

ನಾನು ಒಳಗೆ ಇಣುಕಿ ಹಲಗೆ ನೋಡಿ ಬಂದೆ. "ವರ್ಲಿನ್ನಂದು."

ಎಲ್ಲರೂ ವರ್ಲಿನ್ನನ ಬೆನ್ನು ತಟ್ಟಿದರು. ಅವನು ಸ್ವಲ್ಪ ಹೊತ್ತು ಹಲ್ಲು ಕಿರಿಯುತ್ತ ನಿಂತಿದ್ದ. ಆಮೇಲೆ ಮುಖ ನಿಧಾನವಾಗಿ ಇಳಿಯಿತು.

"ಅಯ್ಯೋ ದೇವ್ರೇ. ಇವತ್ತಾ?"

ಚೋಚಿ ಒಳಗೋಡಿ, ಖರ್ಚಾಗದೆ ಉಳಿದಿದ್ದ ಅರ್ಧ ಪೈಯನ್ನು ತಟ್ಟೆಯ ಸಮೇತ ಬಟ್ಟೆಯಲ್ಲಿ ಸುತ್ತಿ ತಂದು ಅವನ ಕೈಗೆ ತುರುಕಿದಳು. "ಹೂವಿಲ್ಲ, ಹೆಂಡ್ತಿಗೆ ಇದನ್ನಾದ್ರೂ ಕೊಡು. ಕುರ್ಚಿ ಎಲ್ಲಿಗೂ ಹೋಗಲ್ಲ, ನಾಳೆ ಬಂದು ಕೂತ್ಕೋ. ನಡಿ!"

ವರ್ಲಿನ್ ತನ್ನ ವಯಸ್ಸು ಮರೆತು ಕತ್ತಲಾಗುತ್ತಿದ್ದ ಅಂಗಳದಲ್ಲಿ ಪಿಕಪ್ಪಿನ ಕಡೆಗೆ ಓಡಿದ.

"ಓಡ್ಬೇಡ್ವೋ, ಬೀಳ್ತೀಯ!" ಚೋಚಿ ಕೂಗಿದಳು. ಮೆಟ್ಟಿಲ ಅಂಚಿಗೆ ಬಂದು, ಏಪ್ರನ್ನಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು, ಅವನ ಒಂದೊಂದು ಹೆಜ್ಜೆಯನ್ನೂ ನೋಡುತ್ತ ನಿಂತಳು. ನುಚ್ಚಿನ ಮೇಲೆ ಬೂಟುಗಳ ಗರಗರ ಸದ್ದು ರಸ್ತೆಯವರೆಗೂ ಹೋಯಿತು. ಪಿಕಪ್ಪಿನ ಬಾಗಿಲು ಹಾಕಿದ ಸದ್ದು ಕೇಳಿದ ಮೇಲೆ ಮುಷ್ಟಿ ಬಿಚ್ಚಿದಳು.

"ಬೀಳ್ಲಿಲ್ಲ," ಎಂದಳು, ಯಾರಿಗೂ ಅಲ್ಲ ಎಂಬಂತೆ. ಕೊಳದಲ್ಲಿ ಅದು ಇನ್ನೊಂದು ಸಲ ಊದಿತು. "ಬನ್ರೋ ಒಳಗೆ, ಮೀನು ಸುಟ್ಟು ಹೋಗಿದೆ. ಎಲ್ರೂ ತಿನ್ನೇಬೇಕು."

ತಿಂದೆವು.